ಇಕ್ಕಿದವಳೇ ತೆಗೆಯಬೇಕು

ರಂಗನಾಯಕನ ಹೊಟ್ಟೆ ಬೆಳಿಗ್ಗೆ ಎದ್ದಾಗ ಎಲ್ಲರ ಹೊಟ್ಟೆಯ ಹಾಗೇ ಇರುತ್ತಿತ್ತು. ಒಂದು ಮುದ್ದೆ ಒಳಗೆ ಬಿತ್ತೋ, ಶುರು. ಗುಡುಗುಡು ಸದ್ದು, ಜಗಲಿಯ ಮೇಲೆ ಕೂತವರಿಗೂ ಕೇಳುವಷ್ಟು. ಮಧ್ಯಾಹ್ನದ ಹೊತ್ತಿಗೆ ಕಾಯಿಸಿದ ತಮಟೆಯಂತೆ ಬಿಗಿದು ನಿಲ್ಲುತ್ತಿತ್ತು. ಆಮೇಲೆ ಚೊಂಬು ಹಿಡಿದು ಓಡಬೇಕು. ಹೊಟ್ಟೆ ಮುಂದಕ್ಕೆ ಬಂದಷ್ಟೂ ಉಳಿದ ಮೈ ಹಿಂದಕ್ಕೆ ಹೋಯಿತು. ತೋಳು ಕಡ್ಡಿಯಾಯಿತು, ಕೆನ್ನೆ ಹಳ್ಳ ಬಿತ್ತು. ಕಾಡಂಚಿನ ಲೊಕ್ಕನಹಳ್ಳಿಯಲ್ಲಿ ಹಂದಿ ಕಾಯಲು ಅಟ್ಟಣೆ ಹತ್ತಿ ಕೂರುತ್ತಿದ್ದ ಗಂಡಸು, ಈಗ ಸ್ವಂತ ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದ.

ಇದು ಯಾಕೆ ಹೀಗೆ ಎನ್ನುವುದು ಇಡೀ ಊರಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು, ಅವನ ಹೆಂಡತಿ ಚಿಕ್ಕನಿಂಗಮ್ಮನಿಗೆ. ಗೊತ್ತಿದ್ದು ಏನು ಬಂತು? ಗೊತ್ತಿಲ್ಲದೆ ಇದ್ದಿದ್ದರೆ ಅವಳು ಇವತ್ತಿಗೂ ಆ ಮನೆಯ ಸೊಸೆಯಾಗಿಯೇ ಇರುತ್ತಿದ್ದಳು.

ಅವನನ್ನು ಕೊಳ್ಳೇಗಾಲದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಅವಳೇ. ಡಾಕ್ಟರು ಹೊಟ್ಟೆಯ ಮೇಲಿನ ಹಳೆಯ ಗಾಯದ ಗೆರೆ ಸವರಿ ನೋಡಿದರು. ಕೆಲವು ವರ್ಷದ ಹಿಂದೆ ಹೊಟ್ಟೆ ಹುಣ್ಣಿಗೆಂದು ಮೈಸೂರಿನಲ್ಲಿ ಆಪರೇಷನ್ನಾಗಿತ್ತು. ಆಗ ಹೊಟ್ಟೆಗೂ ಕರುಳಿಗೂ ಹೊಸ ದಾರಿ ಜೋಡಿಸಿದ್ದಾರೆ, ಹಳೆಯ ಕರುಳಿನ ಒಂದು ತುಂಡು ಪಕ್ಕಕ್ಕೆ ಉಳಿದುಬಿಟ್ಟಿದೆ ಎಂದು ಅವರು ಬಿಡಿಸಿ ಹೇಳಿದರು. ಕಾಲುವೆಯಲ್ಲಿ ಹರಿವು ನಿಂತ ಕಡೆ ಪಾಚಿ ಕಟ್ಟುವುದಿಲ್ಲವೇ, ಹಾಗೆ ಅಲ್ಲಿ ತಿಂದದ್ದು ನಿಂತು, ಕಣ್ಣಿಗೆ ಕಾಣದ ಕ್ರಿಮಿಗಳು ಮಿತಿ ಮೀರಿ ಬೆಳೆದಿವೆ. ಇವನ ಅನ್ನವನ್ನು ಇವನಿಗಿಂತ ಮುಂಚೆ ಅವು ತಿಂದು ಮುಗಿಸುತ್ತವೆ. ಹೀಗೆಂದು ಕೆಂಪು ಹಳದಿ ಬಣ್ಣದ ಗುಳಿಗೆ ಬರೆದುಕೊಟ್ಟರು. ಖಾಲಿ ಹೊಟ್ಟೆಗೆ ಕೊಡಬೇಕು, ಹಾಲು ಮೊಸರು ರಾಗಿಯ ಜೊತೆ ಕೂಡದು. ಎರಡು ವಾರಕ್ಕೆ ವಾಸಿಯಾಗುತ್ತದೆ, ಆದರೆ ಆ ಕರುಳು ಅಲ್ಲೇ ಇರುವುದರಿಂದ ಕೆಲವು ತಿಂಗಳಿಗೆ ಮತ್ತೆ ಬರುತ್ತದೆ, ಬಂದಾಗ ಮತ್ತೆ ಕೊಡಬೇಕು. ಕೊಡದಿದ್ದರೆ?

'ಕೊಡದಿದ್ದರೆ ಹೀಗೇ ಬತ್ತಿ ಹೋಗ್ತಾನಮ್ಮ' ಎಂದರು ಡಾಕ್ಟರು.

ರಂಗನಾಯಕ ಅಷ್ಟು ಹೊತ್ತೂ ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದ. ಕೇಳಿಸಿಕೊಂಡವಳು ನಿಂಗಮ್ಮ ಒಬ್ಬಳೇ.

ಗುಳಿಗೆ ಶುರುವಾದ ವಾರವೇ ಅವಳ ಅತ್ತೆ ಚಿಕ್ಕಬಸಮ್ಮ ಮಾರಯ್ಯನನ್ನು ಕರೆಸಿದಳು. ಮಾರಯ್ಯನೆಂದರೆ ಮದ್ದು ತೆಗೆಯುವವನು. ಆ ಸೀಮೆಯಲ್ಲಿ ಹೊಟ್ಟೆ ಊದಿ ಮೈ ಒಣಗಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಯಾವಳೋ ಊಟದಲ್ಲಿ ಮದ್ದು ಇಕ್ಕಿದ್ದಾಳೆ. ಆ ಮದ್ದು ಹೊಟ್ಟೆಗೆ ಅಂಟಿಕೊಂಡು ಆಳನ್ನು ಒಳಗೊಳಗೇ ತಿನ್ನುತ್ತದಂತೆ. ಇಕ್ಕುವ ಹೆಂಗಸರದ್ದೇ ಒಂದು ಪೀಳಿಗೆಯಂತೆ, ತಾಯಿ ಅದನ್ನು ಮಗಳಿಗೆ ಬಿಟ್ಟುಹೋಗುತ್ತಾಳಂತೆ. ಮಾರಯ್ಯ ರಂಗನಾಯಕನ ಅಂಗೈಗೆ ಸೊಪ್ಪಿನ ರಸ ಹಿಂಡಿದ. ರಸ ಹೆಪ್ಪುಗಟ್ಟಿತು. ಇನ್ನೇನು ಬೇಕು? ಅದೇನೋ ಕುಡಿಸಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಸಿ, ಕಕ್ಕಿದ್ದನ್ನು ಕಡ್ಡಿಯಲ್ಲಿ ಕೆದಕಿ, ಕೂದಲು ಸುತ್ತಿದ ಕಪ್ಪು ಉಂಡೆಯೊಂದನ್ನು ಎತ್ತಿ ತೋರಿಸಿದ. ಆ ಉಂಡೆ ಅವನ ಪಂಚೆಯ ಗಂಟಿನಿಂದ ಬಂತೋ ಇವನ ಹೊಟ್ಟೆಯಿಂದ ಬಂತೋ ಯಾರೂ ಕೇಳಲಿಲ್ಲ. ಎರಡು ವಾರಕ್ಕೆ ಹೊಟ್ಟೆ ಇಳಿಯಿತು. ಡಾಕ್ಟರ ಗುಳಿಗೆಗೆ ಒಂದು ಒಳ್ಳೆಯ ಮಾತು ಸಿಗಲಿಲ್ಲ. ಮಾರಯ್ಯನಿಗೆ ಹುಂಜ ಸಿಕ್ಕಿತು.

ಮದ್ದು ಸಿಕ್ಕಿತು ಅಂದಮೇಲೆ ಇಕ್ಕಿದವಳೂ ಸಿಗಬೇಕಲ್ಲ. ಪಕ್ಕದ ಮನೆಯಲ್ಲಿ ಗಂಡ ಸತ್ತ ಚಿಕ್ಕಮಾದಮ್ಮ ಒಬ್ಬಳೇ ಇದ್ದಳು. ಹಿಂದಿನ ಯುಗಾದಿಗೆ ರಂಗನಾಯಕನಿಗೆ ಒಂದು ಒಬ್ಬಟ್ಟು ಕೊಟ್ಟಿದ್ದಳು, ಪಾಪಿ ಮುಂಡೇದು. ಅಷ್ಟು ಸಾಕಾಯಿತು. ಅವಳ ಮನೆಯ ಮಜ್ಜಿಗೆ ನಿಂತಿತು, ನೀರು ನಿಂತಿತು, ಅವಳು ಬಾವಿಗೆ ಬಂದರೆ ಉಳಿದ ಹೆಂಗಸರು ಬಿಂದಿಗೆ ಎತ್ತಿಕೊಂಡು ದೂರ ಸರಿದರು. ಅವಳದೇನೂ ತಪ್ಪಿಲ್ಲವೆಂದು ನಿಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡಳು. ಅಷ್ಟಾದರೆ ಹೋಗಲಿ. ಒಂದು ದಿನ ಚಿಕ್ಕಮಾದಮ್ಮ ನಿಂಗಮ್ಮನ ಮಗಳು ದೀಪಳ ಕೈಗೆ ಒಂದಿಷ್ಟು ಅವರೆಕಾಯಿ ಕೊಟ್ಟು ಕಳಿಸಿದಾಗ, ಅತ್ತೆ ನೋಡುತ್ತಿದ್ದಾಳೆಂದು ನಿಂಗಮ್ಮ ಮಗಳ ಕೈಯಿಂದ ಅದನ್ನು ಕಿತ್ತು, ಚಿಕ್ಕಮಾದಮ್ಮನ ಕಣ್ಣೆದುರಿಗೇ ತಿಪ್ಪೆಗೆ ಸುರಿದಳು. ದೀಪಳಿಗಾಗ ಎಂಟು ವರ್ಷ. ಯಾಕವ್ವ ಎಂದು ಕೇಳಿ ತಲೆಗೆ ಒಂದು ಏಟು ತಿಂದಳು.

ಡಾಕ್ಟರು ಹೇಳಿದ ಹಾಗೇ ಆಯಿತು. ರಾಗಿ ತೆನೆ ಬರುವ ಹೊತ್ತಿಗೆ ಹೊಟ್ಟೆ ಮತ್ತೆ ಗುಡುಗುಡು ಎಂದಿತು. ನಿಂಗಮ್ಮ ಕೊಳ್ಳೇಗಾಲಕ್ಕೆ ಹೋಗಿ ಗುಳಿಗೆ ತಂದಳು. ರಂಗನಾಯಕ ಮುಟ್ಟಲಿಲ್ಲ. ಮದ್ದು ತೆಗೆಸಿದ ಮೇಲೆ ಇಂಗ್ಲಿಷ್ ಔಷಧಿ ಮುಟ್ಟಿದರೆ ಉಳಿದ ಬೇರು ಚಿಗುರುತ್ತದೆ ಎಂದು ಮಾರಯ್ಯ ಹುಂಜ ಹಿಡಿದು ಹೊರಡುವಾಗ ಪಥ್ಯ ಹೇಳಿಹೋಗಿದ್ದ. ನಿಂಗಮ್ಮ ಬೇಡಿದಳು, ಅತ್ತಳು, ಮಗಳ ಮೇಲೆ ಆಣೆ ಇಟ್ಟಳು. ಅವನು ಗುಳಿಗೆಯ ಹಾಳೆಯನ್ನೇ ತಿಪ್ಪೆಗೆ ಎಸೆದ. ಕತ್ತಲಾದ ಮೇಲೆ ಅವಳು ಹೋಗಿ ಹೆಕ್ಕಿಕೊಂಡು ಬಂದಳು.

ಮಾರನೆಯ ದಿನದಿಂದ ಬೆಳಿಗ್ಗೆ ಅವನಿಗೊಬ್ಬನಿಗೇ ಒಂದು ಬಟ್ಟಲು ಹುರುಳಿ ಕಟ್ಟು. ಹುರುಳಿ ಬೇಯಿಸಿ ಬಸಿದ ಬಿಸಿ ನೀರು, ಮೂಗಿಗೆ ಹತ್ತುವಷ್ಟು ಮೆಣಸು ಬೆಳ್ಳುಳ್ಳಿ. ಗುಳಿಗೆ ಬಿಡಿಸಿ ಒಳಗಿನ ಹಳದಿ ಪುಡಿ ಅದರಲ್ಲಿ ಕದಡಿದರೆ ಕಹಿ ಗೊತ್ತಾಗುತ್ತಿರಲಿಲ್ಲ. ಸಂಜೆ ಊಟಕ್ಕೆ ಮುಂಚೆ ಇನ್ನೊಂದು ಬಟ್ಟಲು. ನೆಗಡಿಗೆ ಒಳ್ಳೆಯದು, ಕುಡಿ ಎನ್ನುವಳು. ಕುಡಿದ. ಹೊಟ್ಟೆ ಇಳಿಯಿತು. ಕೆನ್ನೆ ತುಂಬಿತು. ಕಂಬಳಿ ಹೊದ್ದು ಮತ್ತೆ ಅಟ್ಟಣೆಗೆ ಹೊರಟ. ಮಾರಯ್ಯನಿಗೆ ಇನ್ನೊಂದು ಹುಂಜ ಹೋಯಿತು. ಹೋಗಲಿ ಬಿಡು, ಗಂಡ ಉಳಿದನಲ್ಲ ಎಂದು ನಿಂಗಮ್ಮ ಒಳಗೊಳಗೇ ನಕ್ಕಳು. ಎಲ್ಲರಿಗೂ ಟೋಪಿ ಹಾಕಿದೆ ಎಂಬ ಸಣ್ಣ ಹೆಮ್ಮೆಯೂ ಅವಳಿಗಿತ್ತು, ಸುಳ್ಳೇಕೆ ಹೇಳಬೇಕು.

ಮೂರನೆಯ ಸಲ ಹೊಟ್ಟೆ ಊದಿದಾಗ ಸಿಕ್ಕಿಬಿದ್ದಳು. ಗಂಡನಿಗೆ ಮಾತ್ರ ಬೇರೆ ಬಟ್ಟಲು ಯಾಕೆ, ತನಗೊಂದು ಗುಟುಕು ಕೇಳಿದರೆ ಸೊಸೆ ಖಾಲಿಯಾಯಿತು ಎನ್ನುವುದು ಯಾಕೆ ಎಂದು ಚಿಕ್ಕಬಸಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ನಿಂಗಮ್ಮ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗುಳಿಗೆ ಬಿಡಿಸಿ ಪುಡಿ ಉದುರಿಸುವ ಹೊತ್ತಿಗೆ ಹಿಂದಿನಿಂದ ಬಂದು ಜುಟ್ಟು ಹಿಡಿದಳು.

ಊರು ಸೇರಲು ಎಷ್ಟು ಹೊತ್ತು? ಜಗಲಿಯ ಮುಂದೆ ಜನ ನಿಂತರು. ಊರ ಯಜಮಾನ ದೊಡ್ಡಮಾದಪ್ಪ ಬಂದ, ಮಾರಯ್ಯನೂ ಬಂದ. ಬಟ್ಟಲು ನಡುವೆ ಇಟ್ಟರು, ಹಳದಿ ಪುಡಿ ಮೇಲೆ ತೇಲುತ್ತಿತ್ತು. ನಿಂಗಮ್ಮ ಗುಳಿಗೆಯ ಹಾಳೆ ತೋರಿಸಿ, ಇದು ಡಾಕ್ಟರದ್ದು, ಕೊಳ್ಳೇಗಾಲಕ್ಕೆ ಹೋಗಿ ಯಾರನ್ನಾದರೂ ಕೇಳಿ ಎಂದು ಹೇಳಿದ್ದನ್ನೇ ಹೇಳಿದಳು. ಔಷಧಿಯಾದರೆ ಕದ್ದು ಕೊಡುವುದೇಕೆ ಎಂದ ದೊಡ್ಡಮಾದಪ್ಪ. ಅದಕ್ಕೆ ಅವಳ ಹತ್ತಿರ ಇದ್ದ ಉತ್ತರ ಅಲ್ಲಿದ್ದ ಯಾರಿಗೂ ಬೇಕಿರಲಿಲ್ಲ. ಕೊನೆಗೆ ಆ ಬಟ್ಟಲನ್ನೇ ಎತ್ತಿ ಎಲ್ಲರ ಎದುರು ಗಟಗಟನೆ ಕುಡಿದು ಕೆಳಗಿಟ್ಟಳು. ಮಾರಯ್ಯ ಮೀಸೆ ಸವರಿಕೊಂಡು ಜನರ ಕಡೆ ತಿರುಗಿದ.

'ಇಕ್ಕೋಳ್ಗೆ ಅದು ತಾಗಾಕಿಲ್ಲ ಕಣ್ರಪ್ಪ. ನೋಡಿದ್ರಲ್ಲಾ, ನೀರ್ ಕುಡ್ದಂಗೆ ಕುಡುದ್ಲು.'

ಅವಳು ಗಂಡನ ಕಡೆ ತಿರುಗಿದಳು. ಇಷ್ಟು ದಿನ ಇದನ್ನು ಕುಡಿದೆಯಲ್ಲ, ಗುಣವಾಯಿತೋ ಹೆಚ್ಚಾಯಿತೋ ನೀನೇ ಹೇಳು ಎಂದಳು. ರಂಗನಾಯಕ ಅವಳನ್ನು ನೋಡಲೇ ಇಲ್ಲ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಟ್ಟಲನ್ನೇ ನೋಡುತ್ತಿದ್ದ.

'ಅದ್ಕೇ ಕಣ್ಲಾ ತಿರುಗ್ ತಿರುಗಿ ಊದ್ತಾ ಇದ್ದದ್ದು' ಎಂದ, ಅದೂ ಮಾರಯ್ಯನಿಗೆ.

ಹತ್ತು ವರ್ಷ ಇವನ ಚೊಂಬು ತೊಳೆದಿದ್ದಳು, ಇವನ ಹೇಲು ಬಳಿದಿದ್ದಳು. ಸೀರೆ ಗಂಟು ಕಟ್ಟಿಕೊಳ್ಳಲು ಅತ್ತೆ ಬಿಡಲಿಲ್ಲ. ಮದ್ದಿನ ಪೀಳಿಗೆ ಮನೆಯಲ್ಲಿ ಇರಬಾರದೆಂದು ದೀಪಳನ್ನೂ ರಟ್ಟೆ ಹಿಡಿದು ತಾಯಿಯ ಜೊತೆ ಬೀದಿಗೆ ದೂಡಿದಳು. ಚಿಕ್ಕಮಾದಮ್ಮ ತನ್ನ ಬಾಗಿಲಲ್ಲಿ ನಿಂತು ನೋಡಿದಳು, ನಗಲೂ ಇಲ್ಲ, ಅಳಲೂ ಇಲ್ಲ.

ಯಳಂದೂರಿನ ಹತ್ತಿರದ ಹೊನ್ನೂರು ನಿಂಗಮ್ಮನ ತವರು. ಅಣ್ಣ ರಾಜಣ್ಣ ಹಿತ್ತಲಿನ ಕೋಣೆ ಬಿಟ್ಟುಕೊಟ್ಟ. ಅವಳು ಕಬ್ಬಿನ ಗರಿ ಕೀಳಲು, ಭತ್ತದ ನಾಟಿಗೆ ಹೋಗತೊಡಗಿದಳು. ಸುದ್ದಿ ಅವಳಿಗಿಂತ ಮುಂಚೆ ಬಸ್ಸಿನಲ್ಲಿ ಬಂದಿರಲಿಲ್ಲ ಎನ್ನುವುದೊಂದೇ ಪುಣ್ಯ. ಗಂಡನ ಜೊತೆ ಜಗಳ ಎಂದರೆ ಜನ ನಂಬಿದರು. ದೀಪ ಶಾಲೆಗೆ ಸೇರಿದಳು, ಗೆಳತಿಯರ ಜೊತೆ ಒಂದೇ ಎಲೆಯಲ್ಲಿ ಹುಣಸೆಹಣ್ಣು ನೆಕ್ಕಿದಳು. ಅದನ್ನು ನೋಡಿ ನಿಂಗಮ್ಮ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು.

ಅತ್ತ ಲೊಕ್ಕನಹಳ್ಳಿಯಲ್ಲಿ ಮಾರಯ್ಯ ವಾಂತಿ ಮಾಡಿಸುತ್ತಲೇ ಇದ್ದ. ಉಂಡೆಗಳು ಬರುತ್ತಲೇ ಇದ್ದವು, ಹೊಟ್ಟೆ ಮಾತ್ರ ಇಳಿಯಲಿಲ್ಲ. ರಂಗನಾಯಕನ ನಾಲಗೆ ಹುಣ್ಣಾಯಿತು, ಪಾದ ಜೋಮು ಹಿಡಿದು ನೆಲ ತಿಳಿಯದಾಯಿತು, ಹಾಸಿಗೆಯಲ್ಲೇ ಎಲ್ಲ ಆಗತೊಡಗಿತು. ಮಾರಯ್ಯನಿಗೆ ಈಗ ಜಾರಿಕೊಳ್ಳಲು ದಾರಿ ಬೇಕಿತ್ತು. ಇದು ಬೇರೆಯವರ ಕೈಗೆ ಬರುವ ಮದ್ದಲ್ಲ, ಇಕ್ಕಿದವಳೇ ತೆಗೆಯಬೇಕು ಎಂದು ಹೇಳಿ ಕೈ ತೊಳೆದುಕೊಂಡ.

ಹಾಗೆ ಚಿಕ್ಕಬಸಮ್ಮ ದೊಡ್ಡಮಾದಪ್ಪನನ್ನು ಕರೆದುಕೊಂಡು ಹೊನ್ನೂರಿಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ, ನೀರು ಕೊಟ್ಟರೆ ಮುಟ್ಟಲಿಲ್ಲ. ಬೀದಿಯಲ್ಲೇ ನಿಂತು ಸೊಸೆಯ ಕಾಲ ಬುಡಕ್ಕೆ ಸೆರಗು ಒಡ್ಡಿದಳು. ಮಗ ಸಾಯುತ್ತಿದ್ದಾನೆ, ಬಂದು ತೆಗೆದುಬಿಡು ಎಂದಳು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದಳು ನಿಂಗಮ್ಮ. ಅದಕ್ಕೆ ಚಿಕ್ಕಬಸಮ್ಮ ಕಿವಿಯನ್ನೇ ಕೊಡಲಿಲ್ಲ. ದೊಡ್ಡಮಾದಪ್ಪ ಊರ ಕಟ್ಟಳೆ ಹೇಳಿದ. ಊರ ಮುಂದೆ, ಮಾದಪ್ಪನ ಗುಡಿ ಎದುರು ನಿಂತು, ಇಕ್ಕಿದ್ದು ನಾನೇ ಎಂದು ಒಪ್ಪಿಕೊಂಡರೆ ಮಾತ್ರ ಅವಳ ಕೈಯಿಂದ ಗಂಡನಿಗೆ ಏನನ್ನಾದರೂ ಕೊಡಲು ಬಿಡುವುದು. ಒಪ್ಪದೆ ಕೊಟ್ಟರೆ ಅದೂ ಮದ್ದೇ.

ಅವರನ್ನು ಬಸ್ಸು ನಿಲ್ಲುವಲ್ಲಿ ಕೂರಿಸಿ ರಾಜಣ್ಣ ತಂಗಿಯನ್ನು ಹಿತ್ತಲಿಗೆ ಕರೆದ. ಅವನು ಕೂಗಾಡುವ ಆಳಲ್ಲ.

'ನೀನ್ ಒಪ್ಗಂಡ್ರೆ ಅವ್ನೊಬ್ಬ ಉಳ್ಕತಾನೆ. ಈ ಮಗೀನ ಗತಿ? ನಾಳೆ ಇವ್ಳ್ ಕೈಲಿ ಯಾವನವ್ವ ಉಣ್ತಾನೆ? ಸಾಯ್ಲಿ ಬುಡು ಅವ್ನು.'

ನಿಂಗಮ್ಮ ಹಿತ್ತಲ ಕಲ್ಲಿನ ಮೇಲೆ ಕೂತು ಬಿಟ್ಟಳು. ಸಾಯಲಿ ಬಿಡು ಎಂದು ಅವಳ ಮನಸ್ಸೂ ಹೇಳಿತು, ಒಂದು ಸಲವಲ್ಲ, ಹಲವು ಸಲ. ಸಾಯಬೇಕಾದ ರೋಗವಾಗಿದ್ದರೆ ಬಿಟ್ಟುಬಿಡುತ್ತಿದ್ದಳೋ ಏನೋ. ಎರಡು ವಾರದ ಗುಳಿಗೆಗೆ ಎದ್ದು ಕೂರುವ ಗಂಡಸು ಕಣ್ಣೆದುರೇ ಬತ್ತಿ ಸಾಯುವುದು, ಅದು ಹೇಗೆಂದು ಗೊತ್ತಿರುವವಳು ತಾನೊಬ್ಬಳೇ ಆಗಿರುವುದು, ಇದನ್ನು ಅವಳಿಂದ ಹೊರಲಾಗಲಿಲ್ಲ. ಈಗ ಸುಮ್ಮನಿದ್ದರೆ ನಿಜವಾಗಿಯೂ ತಾನೇ ಕೊಂದ ಹಾಗೆ. ಎದ್ದು ಮಗಳ ತಲೆ ಸವರಿ, ಅಣ್ಣನ ಮುಖ ನೋಡದೆ ಹೊರಟಳು. ಕೊಳ್ಳೇಗಾಲದಲ್ಲಿ ಇಳಿದು ಗುಳಿಗೆ ಕೊಂಡಳು. ಜೋಮಿಗೆ ಸೂಜಿ ಬೇಕು, ಅವನನ್ನೇ ಕರೆದುಕೊಂಡು ಬಾ ಎಂದು ಡಾಕ್ಟರು ಬೈದರು.

'ಅವ್ರು ಕಳ್ಸಾಕಿಲ್ಲ ಸಾ. ಬಾಯ್ಗೆ ಆಕೋದೇ ಕೊಡಿ' ಎಂದಳು.

ಗುಡಿಯ ಮುಂದೆ ಊರೇ ನೆರೆದಿತ್ತು. ಹೇಳುವುದು ಒಂದೇ ಮಾತು. ಬೇಗ ಹೇಳಿ ಮುಗಿಸೋಣವೆಂದು ಅವಳು ನೆಲ ನೋಡುತ್ತಾ ಒಂದು ಸಲ ಗೊಣಗಿದಳು. ಜೋರಾಗಿ ಹೇಳು ಎಂದರು ಹಿಂದಿದ್ದವರು.

'ಇಕ್ಕಿದ್ದು ನಾನೇ. ನಾನೇ ತೆಗೀತೀನಿ.'

ಜನ ಉಸಿರು ಬಿಟ್ಟರು. ಆಗ ಚಿಕ್ಕಮಾದಮ್ಮ ಗುಂಪು ಸರಿಸಿಕೊಂಡು ಮುಂದೆ ಬಂದಳು. ಅಷ್ಟು ದಿನ ಅವಳ ನೆರಳಿಗೂ ಹೆದರುತ್ತಿದ್ದವರು ಈಗ ದಾರಿ ಬಿಟ್ಟುಕೊಟ್ಟರು. ನಿಂಗಮ್ಮನ ಎದುರಿಗೆ ಬಂದು ನಿಂತು, ಮೆಲ್ಲಗೆ ಒಂದೇ ಒಂದು ಕೇಳಿದಳು.

'ನನ್ ಮ್ಯಾಲೆ ಒರಿಸ್ದಾಗ, ನಾನಲ್ಲ ಅಂತ ನಿಂಗೆ ಗೊತ್ತಿತ್ತೇನವ್ವ?'

'ಗೊತ್ತಿತ್ತು' ಎಂದಳು ನಿಂಗಮ್ಮ.

ಅಲ್ಲಿ ಅವಳು ಆಡಿದ ಎರಡು ಮಾತಿನಲ್ಲಿ ಇದೊಂದು ನಿಜ. ಚಿಕ್ಕಮಾದಮ್ಮ ಅವಳ ಮುಖಕ್ಕೆ ಉಗುಳಿ ಹೋದಳು. ನಿಂಗಮ್ಮ ಒರೆಸಿಕೊಳ್ಳಲಿಲ್ಲ, ಅದು ತನಗೆ ಬರಬೇಕಾದದ್ದೇ ಎಂದುಕೊಂಡಳು.

ಅವಳನ್ನು ದನದ ಕೊಟ್ಟಿಗೆಯಲ್ಲಿ ಇಟ್ಟರು. ದಿನಕ್ಕೆ ಎರಡು ಸಲ ಒಳಗೆ ಕರೆಯುವರು. ಇಂಗ್ಲಿಷ್ ಔಷಧಿ ಎಂದು ತಿಪ್ಪೆಗೆ ಎಸೆದಿದ್ದ ಅದೇ ಗುಳಿಗೆಯನ್ನು ರಂಗನಾಯಕ ಈಗ ಕಣ್ಣಿಗೊತ್ತಿಕೊಂಡು ನುಂಗಿದ. ಇಕ್ಕಿದವಳು ಕೊಡುವ ಮರುಮದ್ದಲ್ಲವೇ ಅದು. ಭೇದಿ ನಿಂತಿತು. ಹೊಟ್ಟೆ ಇಳಿಯಿತು. ಎರಡು ವಾರ ಮುಗಿಯುವ ಹೊತ್ತಿಗೆ ಎದ್ದು ಕೂತು ಮುದ್ದೆ ಕೇಳಿದ. ಇಷ್ಟಾದ ಮೇಲೆ ಇಕ್ಕಿದವಳು ಇವಳೇ ಎನ್ನುವುದರಲ್ಲಿ ಯಾರಿಗೂ ಎಳ್ಳಷ್ಟು ಅನುಮಾನ ಉಳಿಯಲಿಲ್ಲ. ಕೋಲು ಊರಿಕೊಂಡು ಹಿತ್ತಲಿಗೆ ನಡೆದ ದಿನವೇ, ಇನ್ನು ಅವಳನ್ನು ಕಳಿಸವ್ವ, ಕೊಟ್ಟಿಗೇಲಿ ಎಳೆಗರು ಇದೆ ಎಂದು ರಂಗನಾಯಕ ತಾಯಿಗೆ ಹೇಳಿದ.

ಈ ಸಲ ಸುದ್ದಿ ಅವಳಿಗಿಂತ ಮುಂಚೆಯೇ ಹೊನ್ನೂರು ತಲುಪಿತ್ತು.

ಆ ಕರುಳು ಅಲ್ಲೇ ಇತ್ತಲ್ಲ. ನಾಲ್ಕಾರು ತಿಂಗಳಿಗೆ ಮತ್ತೆ ಊದಿತು. ರಂಗನಾಯಕ ಬಸ್ಸು ಹತ್ತಿ ಬಂದು ಹಿತ್ತಲ ಬೇಲಿಯ ಹೊರಗೆ ನಿಂತ. ತೆಗಿ ಎಂದ. ಇಲ್ಲಿ ಕೂತುಕೊಂಡು ಅಲ್ಲಿಗೆ ಹೇಗೆ ಇಕ್ಕಲಿ ಎಂದು ಅವಳು ಕೇಳಲಿಲ್ಲ, ಕೇಳಿ ಸಾಕಾಗಿತ್ತು. ಗುಳಿಗೆಯ ಹಾಳೆ ಕೈಗಿಟ್ಟಳು. ಬ್ರಾಂದಿ ಬಾಟಲಿಯಲ್ಲಿ ಮನೆಯಿಂದ ತಂದ ನೀರಿನಲ್ಲೇ ಮೊದಲನೆಯದನ್ನು ನುಂಗಿ, ಬಾಯಿ ಒರೆಸಿಕೊಂಡು ಕೇಳಿದ, ಈ ಸಲ ಯಾಕೆ ಇಕ್ಕಿದೆ ಎಂದು. ಏನೂ ಹೇಳದಿದ್ದರೆ ಉಳಿದದ್ದನ್ನು ನುಂಗುವುದಿಲ್ಲ, ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು.

'ಸಿಟ್ಟು ಬಂದಿತ್ತು' ಎಂದಳು ನಿಂಗಮ್ಮ.

ಅವನಿಗೆ ಸಮಾಧಾನವಾಯಿತು. ಆಮೇಲೆ ಇದೇ ಪದ್ಧತಿಯಾಗಿ ಹೋಯಿತು. ಅವನು ಬರುವುದು, ಯಾಕೆ ಎನ್ನುವುದು, ಸಿಟ್ಟು ಬಂದಿತ್ತು ಎನ್ನುವುದು. ಬಂದು ಬಂದು ಅವನು ದುಂಡಗಾದ, ಜಮೀನು ಮಾಡಿದ, ಇನ್ನೊಂದು ಮದುವೆಯನ್ನೂ ಆದ. ಒಂದು ಸಲವೂ ಬೇಲಿ ದಾಟಿ ಒಳಗೆ ಬರಲಿಲ್ಲ. ದೀಪ ನೀರು ತಂದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಮೊದಮೊದಲು ಅವಳು ಅಪ್ಪಾ ಎಂದು ಓಡಿ ಬರುತ್ತಿದ್ದಳು. ಆಮೇಲೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಶಾಲೆಯಲ್ಲಿ ಅವಳ ಹುಣಸೆಹಣ್ಣನ್ನು ಯಾರೂ ಮುಟ್ಟದೆ ವರ್ಷಗಳಾಗಿದ್ದವು. ಕೂಲಿಗೆ ಹೋದರೆ ಅವಳ ಬುತ್ತಿ ಬೇರೆ ಮರದ ಕೆಳಗೆ. ಅವ್ವ ಏನೂ ಮಾಡಿಲ್ಲವೆಂದು ಅವಳಿಗೆ ಗೊತ್ತಿತ್ತು, ಕೊಳ್ಳೇಗಾಲದ ಮೆಡಿಕಲ್ ಅಂಗಡಿಯಿಂದ ಗುಳಿಗೆ ತರುತ್ತಿದ್ದವಳೇ ಅವಳು. ಅವಳು ಆಳೆತ್ತರ ಬೆಳೆದ ಮೇಲೆ ರಾಜಣ್ಣ ಹೇಗೋ ಮಾಡಿ ಧನಗೆರೆಯಿಂದ ಒಂದು ಗಂಡು ಕರೆಸಿದ. ಹುಡುಗ ಚೆನ್ನಾಗಿದ್ದ, ದೀಪಳನ್ನು ನೋಡಿ ತಲೆ ತಗ್ಗಿಸಿ ನಕ್ಕ. ಅವಳು ಪಾನಕ ತಂದಿಟ್ಟಳು. ಅಷ್ಟರಲ್ಲಿ ಯಾರೋ ಬಾಗಿಲ ಹೊರಗಿನಿಂದ ಹುಡುಗನ ತಾಯಿಯನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಬಂದವರು ಲೋಟ ಎತ್ತದೆ ಎದ್ದು ಹೋದರು. ಆ ಲೋಟಗಳನ್ನು ದೀಪಳೇ ಒಂದೊಂದಾಗಿ ಹಿತ್ತಲಿಗೆ ಸುರಿದಳು.

ಅದಾದ ಸ್ವಲ್ಪ ದಿನಕ್ಕೆ ರಂಗನಾಯಕ ಬಂದ. ಹೊಟ್ಟೆ ಬಿಗಿದಿತ್ತು, ಅಂಗಿಯ ಗುಂಡಿ ಬಿಚ್ಚಿಕೊಂಡಿದ್ದ. ನಿಂಗಮ್ಮ ಗುಳಿಗೆ ತರಲು ಎದ್ದಳು.

'ಈ ಸಲ ಯಾಕಿಕ್ದೆ?' ಎಂದ. ಈಗೀಗ ಗುಳಿಗೆಗೆ ಮುಂಚೆಯೇ ಕೇಳಿಬಿಡುತ್ತಿದ್ದ.

ನಿಂಗಮ್ಮ ಬಾಯಿ ತೆರೆಯುವ ಮೊದಲು ಬಾಗಿಲಿನಿಂದ ದೀಪ ಇಳಿದು ಬಂದಳು. ಕೈಯಲ್ಲಿ ನೀರಿನ ಚೊಂಬು ಇತ್ತು.

'ಅವ್ವ ಅಲ್ಲ. ಈ ಸಲ ಇಕ್ದೋಳು ನಾನು.'

ರಂಗನಾಯಕನ ಮುಖದ ಬಣ್ಣ ಇಳಿಯಿತು. ಮಗಳು ಬೇಲಿಯ ತನಕ ಬಂದಳು. ಅವನು ಹಿಂದೆ ಸರಿಯಲಿಲ್ಲ. ಅವಳನ್ನು ಹುಟ್ಟಿದ ಮೇಲೆ ಮೊದಲ ಸಲ ನೋಡುವವನ ಹಾಗೆ ನೋಡಿದ. ಎರಡೂ ಕೈ ತಾವಾಗಿಯೇ ಕೂಡಿಕೊಂಡವು.

'ಯಾಕವ್ವ? ನಾನೇನ್ ಮಾಡ್ದೆ ನಿಂಗೆ?'

'ಇವತ್ತು ಬಾಟ್ಲಿ ನೀರ್ ಬ್ಯಾಡ. ಇದ್ರಾಗೇ ನುಂಗು' ಎಂದು ಅವಳು ಚೊಂಬು ಮುಂದೆ ಹಿಡಿದಳು.

ಸುಳ್ಳು ಕಣೋ, ಈ ಮಗುವೂ ಇಕ್ಕಿಲ್ಲ ನಾನೂ ಇಕ್ಕಿಲ್ಲ ಎಂದು ಕೂಗಬೇಕೆನ್ನಿಸಿತು ನಿಂಗಮ್ಮನಿಗೆ. ಊರ ಮುಂದೆ ನಿಂತು ತಾನು ಒಂದು ಸಲ ಆಡಿದ ಸುಳ್ಳು ಮಗಳ ಬಾಯಲ್ಲಿ ನಿಜದ ಹಾಗೆ ಬರುತ್ತಿತ್ತು. ಮಗಳ ಮುಖ ನೋಡಿದಳು. ಅಲ್ಲಿ ದುಃಖವಿರಲಿಲ್ಲ. ರಂಗನಾಯಕ ಕೈ ಮುಗಿದು ನಿಂತದ್ದನ್ನು ಆ ಹುಡುಗಿ, ಹಸಿದವಳು ಊಟ ನೋಡುವ ಹಾಗೆ, ನೋಡುತ್ತಿದ್ದಳು. ನಿಂಗಮ್ಮನ ಎದೆ ಒಡೆಯಿತು, ಆದರೂ ಒಳಗಿನಿಂದ ಗುಳಿಗೆಯ ಹಾಳೆ ತಂದು ಒಂದನ್ನು ಅವನ ಅಂಗೈಗೆ ಹಾಕಿದಳು.

ಅವನು ಗುಳಿಗೆ ಬಾಯಿಗೆ ಹಾಕಿಕೊಂಡು, ಮಗಳು ಎತ್ತಿ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಪೂರ್ತಿ ಕುಡಿದ. ಉಳಿದ ಹಾಳೆಯನ್ನು ದೀಪ ಅವನ ಜೇಬಿಗೆ ತಾನೇ ತುರುಕಿದಳು.

'ಗೌರಿ ಹಬ್ಬದ ಒತ್ಗೆ ಮತ್ತೆ ಬತ್ತದೆ' ಎಂದಳು. 'ಬಾ.'

ಬತ್ತೀನಿ ಕಣವ್ವ ಎಂದ ರಂಗನಾಯಕ. ದೀಪ ಖಾಲಿ ಚೊಂಬು ಬೆಳಗಿ ಇಡಲು ಒಳಗೆ ಹೋದಳು.